ಲೆಡ್ ಜೆಪ್ಲಿನ್ ಮೊದಲ ಆಲ್ಬಂ: ಹಾಡು ಬರೆದವರ ಹೆಸರು ಇನ್ನೂ ಯಾಕೆ ಬದಲಾಗುತ್ತಿದೆ?

ಲೆಡ್ ಜೆಪ್ಲಿನ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡ್‌ನ ಮೊದಲ ಆಲ್ಬಂ ಅಮೆರಿಕದ ಅಂಗಡಿಗಳಿಗೆ ಬಂದದ್ದು 1969ರ ಜನವರಿಯಲ್ಲಿ. ಅದರಲ್ಲಿದ್ದದ್ದು 9 ಹಾಡು. ಪ್ರತಿ ಹಾಡಿನ ಹೆಸರಿನ ಜೊತೆ, ಬರೆದವರು ಯಾರು ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಇವತ್ತು ಅದೇ ಆಲ್ಬಂ ಹೊಸದಾಗಿ ಕೊಂಡರೆ ಹಾಡುಗಳೇನೋ ಅವೇ. ಆದರೆ ಬರೆದವರ ಪಟ್ಟಿ ಅದಲ್ಲ. ಒಂದು ಹಾಡಿಗೆ ಮೊದಲು ಕಾಣದಿದ್ದ ಒಬ್ಬ ಮಹಿಳೆಯ ಹೆಸರು ಬಂದಿದೆ. ಇನ್ನೊಂದು ಹಾಡಿನ ಪಕ್ಕ ಇಂಥವರಿಂದ ಸ್ಫೂರ್ತಿ ಎಂಬ ವಿಚಿತ್ರ ಸಾಲು ಸೇರಿಕೊಂಡಿದೆ.

ಇದು ಮುಗಿದುಹೋದ ಕಥೆಯಂತೂ ಅಲ್ಲ. 2025ರಲ್ಲಿ ಈ ಬ್ಯಾಂಡ್ ಹುಟ್ಟಿದ ಬಗೆಯನ್ನು ಹೇಳುವ ಸಾಕ್ಷ್ಯಚಿತ್ರ ಥಿಯೇಟರ್‌ಗಳಿಗೆ ಬಂತು. ಅದೇ ವರ್ಷ ಜೇಕ್ ಹೋಮ್ಸ್ ಎಂಬ ಹಿರಿಯ ಅಮೆರಿಕನ್ ಗಾಯಕ ಕೋರ್ಟಿಗೆ ಹೋದರು. ಚಿತ್ರದಲ್ಲಿ ಬರುವ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ ತಮ್ಮ ಹಾಡು, ತಮ್ಮ ಅನುಮತಿ ಪಡೆದಿಲ್ಲ ಎಂಬುದು ಅವರ ದೂರು. ಹಾಡು ಬರೆದು ಆಗಲೇ ಐವತ್ತೆಂಟು ವರ್ಷ ಆಗಿತ್ತು.

ಈ ಜಗಳದಲ್ಲಿ ಎರಡು ಗುಂಪುಗಳಿವೆ. ಜೆಪ್ಲಿನ್‌ನವರು ಕಳ್ಳರು, ಮಾತು ಮುಗಿಯಿತು ಎನ್ನುವವರು ಒಂದು ಕಡೆ. ಬ್ಲೂಸ್‌ನಲ್ಲಿ, ಅಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಲ್ಲಿ, ಎಲ್ಲರೂ ಎಲ್ಲರಿಂದಲೂ ತಗೊಂಡಿದ್ದಾರೆ, ಅದಕ್ಕೇನೀಗ ಎನ್ನುವವರು ಇನ್ನೊಂದು ಕಡೆ. ಎರಡೂ ಸೋಮಾರಿ ಉತ್ತರಗಳೇ. ಹಾಡಿನಲ್ಲಿ ಕಾನೂನು ಗುರುತಿಸುವುದು ಎರಡನ್ನೇ, ಮಾತು ಮತ್ತು ಮಟ್ಟು. ಈ ಆಲ್ಬಂನ ದೊಡ್ಡ ಸಾಧನೆ ಇರುವುದು ಅವೆರಡರಲ್ಲೂ ಅಲ್ಲ, ಅದರ ನಾದದಲ್ಲಿ. ನಾದ ಕಟ್ಟಿದವರಿಗೆ ಹಾಡಿನ ಹಕ್ಕಿನಲ್ಲಿ ಪಾಲಿಲ್ಲ. ಹಾಗಾಗಿ ಅವರು ಬರೆದವರ ಕುರ್ಚಿಯಲ್ಲೇ ಹೋಗಿ ಕೂತರು. ಆ ಕುರ್ಚಿಯಿಂದ ಯಾರನ್ನು ಎಬ್ಬಿಸಬಹುದು, ಯಾರನ್ನು ಮುಟ್ಟೋಕಾಗಲ್ಲ ಅನ್ನೋದನ್ನು ತೀರ್ಮಾನ ಮಾಡಿದ್ದು ಮಾತ್ರ ಪ್ರತಿಭೆಯಲ್ಲ, ಹಾಡಿನ ಹಕ್ಕು ಇಟ್ಟುಕೊಂಡ ಪಬ್ಲಿಷಿಂಗ್ ಕಂಪನಿಗಳ ತಾಕತ್ತು.

ಮೊದಲು ದುಡ್ಡಿನ ವಿಷಯ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿರುತ್ತವೆ. ಒಂದು ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್. ಇನ್ನೊಂದು ಆ ಹಾಡಿನ ರಚನೆ. ಅಮೆರಿಕದಲ್ಲಿ 1909ರ ಕಾನೂನು ರಚನೆಗೆ ಒಂದು ದರ ಕಟ್ಟಿತ್ತು. ಮಾರಾಟವಾದ ಪ್ರತಿ ರೆಕಾರ್ಡಿನಲ್ಲಿ ಒಂದು ಹಾಡಿಗೆ 2 ಸೆಂಟ್. ಅದು 1977ರ ಕೊನೆಯವರೆಗೂ ಹಾಗೇ ಇತ್ತು. ಕೇಳೋಕೆ ಪುಡಿಗಾಸು. ಆದರೆ ಆಲ್ಬಂ 10 ಲಕ್ಷ ಪ್ರತಿ ಹೋದರೆ ಒಂದೊಂದು ಹಾಡಿಗೂ 20 ಸಾವಿರ ಡಾಲರ್. ಅದನ್ನು ಬರೆದವರು ಮತ್ತು ಅವರ ಪಬ್ಲಿಷರ್ ಹಂಚಿಕೊಳ್ಳುತ್ತಾರೆ. ಈ ಆಲ್ಬಂ ಅಮೆರಿಕವೊಂದರಲ್ಲೇ 80 ಲಕ್ಷ ಪ್ರತಿ ಮಾರಾಟದ ಪ್ರಮಾಣಪತ್ರ ಪಡೆದಿದೆ. ಇನ್ನೊಂದು ವಿಚಿತ್ರವೂ ಇದೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋಗಳು ಹಾಡು ಹಾಕಿದಾಗ ಬರೆದವರಿಗೆ ದುಡ್ಡು ಕೊಡುತ್ತವೆ, ಹಾಡಿದವರಿಗೂ ನುಡಿಸಿದವರಿಗೂ ಕೊಡುವುದಿಲ್ಲ. ಇವತ್ತಿಗೂ ಹಾಗೇ. ಅಂದರೆ ಆ ಸಣ್ಣ ಅಕ್ಷರದಲ್ಲಿ ಹೆಸರಿದ್ದವರಿಗೆ ಅದು ಜೀವನಪೂರ್ತಿ ಪಿಂಚಣಿ, ಸತ್ತ ಮೇಲೆ ಮಕ್ಕಳಿಗೂ. ಬ್ಯಾಂಡ್‌ಗಳು ಒಡೆಯುವುದು ಅಹಂಕಾರಕ್ಕೆ ಅಂತೀವಿ. ಎಷ್ಟೋ ಸಲ ಒಡೆಯುವುದು ಈ ಒಂದು ಸಾಲಿಗೆ.

1968ರ ಬೇಸಿಗೆಯಲ್ಲಿ ಗಿಟಾರ್ ವಾದಕ ಜಿಮ್ಮಿ ಪೇಜ್ ಇದ್ದ ಯಾರ್ಡ್‌ಬರ್ಡ್ಸ್ ಬ್ಯಾಂಡ್ ಮುಗಿದುಹೋಗಿತ್ತು. ಹೊಸ ಬ್ಯಾಂಡ್ ಕಟ್ಟಿದ ಕೆಲವೇ ವಾರಗಳಲ್ಲಿ ಪೇಜ್ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋಗೆ ಹೋದರು. ರೆಕಾರ್ಡಿಂಗ್ ನಡೆದದ್ದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪೇಜ್ ಪ್ರಕಾರ ಒಟ್ಟು ಸುಮಾರು 36 ಗಂಟೆ ಹಿಡಿಯಿತು, 1,782 ಪೌಂಡ್ ಖರ್ಚಾಯಿತು. ದುಡ್ಡು ಹಾಕಿದ್ದು ಅವರೇ, ನಿರ್ಮಾಪಕರೂ ಅವರೇ. ಅಷ್ಟು ಕಡಿಮೆ ಸಮಯದಲ್ಲಿ 9 ಹಾಡು ಎಲ್ಲಿಂದ ಬರಬೇಕು? ಕೆಲವು ಯಾರ್ಡ್‌ಬರ್ಡ್ಸ್ ವೇದಿಕೆಯಿಂದ ಬಂದವು. ಕೆಲವು ಷಿಕಾಗೋ ಬ್ಲೂಸ್ ರೆಕಾರ್ಡುಗಳಿಂದ. ಇನ್ನು ಕೆಲವು ಜಾನಪದ ಗಾಯಕರ ಎಲ್‌ಪಿಗಳಿಂದ.

ತಮಾಷೆ ಏನು ಗೊತ್ತಾ? ಹಾಡು ಬರೆದವರ ಪಟ್ಟಿಯಲ್ಲಿ ಬ್ಯಾಂಡಿನ ಗಾಯಕ ರಾಬರ್ಟ್ ಪ್ಲಾಂಟ್ ಹೆಸರೇ ಇರಲಿಲ್ಲ. ಆಗ ತಾನೇ 20 ತುಂಬಿದ್ದ ಪ್ಲಾಂಟ್‌ಗೆ ಸಿಬಿಎಸ್ ಕಂಪನಿ ಜೊತೆ ಹಳೆಯ ಕರಾರು ಇತ್ತು. ಹಾಗಾಗಿ ಪೇಜ್, ಬೇಸ್ ವಾದಕ ಜಾನ್ ಪಾಲ್ ಜೋನ್ಸ್, ಡ್ರಮ್ಮರ್ ಜಾನ್ ಬಾನಮ್ ಹೆಸರುಗಳು ಬಂದವು, ಪ್ಲಾಂಟ್ ಹೆಸರು ಬರಲಿಲ್ಲ. ಯಾರನ್ನು ಹಾಕಬೇಕು, ಯಾರನ್ನು ಬಿಡಬೇಕು ಅನ್ನೋದನ್ನು ಮೊದಲ ದಿನದಿಂದಲೇ ಕರಾರು ಪತ್ರಗಳು ತೀರ್ಮಾನ ಮಾಡುತ್ತಿದ್ದವು.

ಈಗ ‘ಬೇಬ್ ಐಯಾಮ್ ಗೊನ್ನಾ ಲೀವ್ ಯು’. 1969ರ ಆಲ್ಬಂನಲ್ಲಿ ಇದರ ಪಕ್ಕ ಇದ್ದದ್ದು ಸಾಂಪ್ರದಾಯಿಕ ಹಾಡು, ಸಂಯೋಜನೆ (ಹಳೆಯದನ್ನು ಹೊಸದಾಗಿ ಜೋಡಿಸಿದವರು) ಜಿಮ್ಮಿ ಪೇಜ್ ಅಂತ. ಸಾಂಪ್ರದಾಯಿಕ ಅಂದರೆ ಬರೆದವರು ಗೊತ್ತಿಲ್ಲ, ಯಾವ ಕಾಲದಿಂದಲೋ ಬಾಯಿಂದ ಬಾಯಿಗೆ ಬಂದದ್ದು. ಆದರೆ ಬರೆದವರು ಜೀವಂತವಾಗಿದ್ದರು, ಕ್ಯಾಲಿಫೋರ್ನಿಯಾದಲ್ಲಿ. ಹೆಸರು ಆನ್ ಬ್ರೆಡನ್. 1950ರ ದಶಕದ ಕೊನೆಯಲ್ಲಿ ಬರ್ಕ್‌ಲಿಯಲ್ಲಿ ಓದುತ್ತಿದ್ದಾಗ ಈ ಹಾಡು ಕಟ್ಟಿ, ಅಲ್ಲಿನ ಕೆಪಿಎಫ್‌ಎ ರೇಡಿಯೋದಲ್ಲಿ ಹಾಡಿದ್ದರು. ಅದನ್ನು ಜಾನೆಟ್ ಸ್ಮಿತ್ ಎಂಬ ಗಾಯಕಿ ಕಲಿತರು. ಅವರಿಂದ ಹೆಸರಾಂತ ಜಾನಪದ ಗಾಯಕಿ ಜೋನ್ ಬಯೆಜ್ ಕೇಳಿದರು. 1962ರ ಬಯೆಜ್ ಕಛೇರಿಯ ಎಲ್‌ಪಿಯಲ್ಲಿ ಈ ಹಾಡು ಬಂತು. ಅದರ ಮೊದಲ ಪ್ರತಿಗಳಲ್ಲಿ ಬ್ರೆಡನ್ ಹೆಸರು ಇರಲಿಲ್ಲ. ಪೇಜ್ ಮತ್ತು ಪ್ಲಾಂಟ್ ಕೇಳಿದ್ದು ಆ ಎಲ್‌ಪಿಯನ್ನೇ.

ಇಲ್ಲಿ ಪೇಜ್‌ಗೆ ಕೆಟ್ಟ ಉದ್ದೇಶ ಇತ್ತು ಅನ್ನೋಕೆ ನನಗೆ ಮನಸ್ಸಿಲ್ಲ. ಮುದ್ರಿತ ಎಲ್‌ಪಿಯ ಮಾತನ್ನು ಅವರು ನಂಬಿದರು. ಪ್ರಶ್ನೆ ಇರುವುದು ಆ ಪದ್ಧತಿಯಲ್ಲೇ. ಹಾಡು ಸಾಂಪ್ರದಾಯಿಕ ಅಂತಾದರೆ ಬರೆದವರ ಪಾಲು ಯಾರಿಗೂ ಹೋಗದೆ ಉಳಿಯುವುದಿಲ್ಲ. ಸಂಯೋಜನೆ ಮಾಡಿದೆ ಅಂತ ಹೆಸರು ಹಾಕಿಕೊಂಡವರ ಜೇಬಿಗೆ ಹೋಗುತ್ತದೆ. ಅಂದ ಮೇಲೆ ಇದು ನಿಜವಾಗಿಯೂ ಅನಾಮಿಕರದ್ದಾ ಅಂತ ಹುಡುಕುವ ಆಸಕ್ತಿ ಯಾರಿಗೆ ಇದ್ದೀತು? ಹುಡುಕಿದರೆ ನಷ್ಟ. ಹುಡುಕದಿದ್ದರೆ ಲಾಭ. ಬ್ರೆಡನ್‌ಗೆ ತಮ್ಮ ಹಾಡು ಹೀಗೆ ಜಗತ್ತು ಸುತ್ತಿದ್ದು ಗೊತ್ತಾಗಿದ್ದು 1980ರ ದಶಕದಲ್ಲಿ. ಆಮೇಲೆ ಮಾತುಕತೆಯಾಗಿ ಬಾಕಿ ದುಡ್ಡು ಬಂತು. 1990ರಿಂದ ಬ್ರೆಡನ್, ಪೇಜ್, ಪ್ಲಾಂಟ್ ಎಂಬ ಮೂರು ಹೆಸರುಗಳು ಬರುತ್ತಿವೆ.

ಜೇಕ್ ಹೋಮ್ಸ್ ಕಥೆ ಇಷ್ಟು ಮುಗ್ಧವಾದದ್ದಲ್ಲ. 1967ರ ಆಗಸ್ಟ್ 25ರಂದು ನ್ಯೂಯಾರ್ಕಿನ ವಿಲೇಜ್ ಥಿಯೇಟರ್‌ನಲ್ಲಿ ಯಾರ್ಡ್‌ಬರ್ಡ್ಸ್ ಕಾರ್ಯಕ್ರಮ ಇತ್ತು. ಅದಕ್ಕೂ ಮುಂಚೆ ಹಾಡಿದವರಲ್ಲಿ ಹೋಮ್ಸ್ ಒಬ್ಬರು. ಅವರ ತಂಡದಲ್ಲಿ ಡ್ರಮ್ಸೇ ಇರಲಿಲ್ಲ. ಕೆಳಗಿಳಿಯುವ ಬೇಸ್ ಸ್ವರಗಳ ಮೇಲೆ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ ಎಂಬ ಕತ್ತಲೆ ತುಂಬಿದ ಹಾಡು ಹೇಳಿದರು. ಅದು ಆ ವರ್ಷವೇ ಅವರ ಆಲ್ಬಂನಲ್ಲೂ ಬಂದಿತ್ತು. ಮರುದಿನ ಹೋಗಿ ಆ ರೆಕಾರ್ಡ್ ಕೊಂಡೆ ಅಂತ ಯಾರ್ಡ್‌ಬರ್ಡ್ಸ್ ಡ್ರಮ್ಮರ್ ಜಿಮ್ ಮೆಕಾರ್ಟಿ ಮುಂದೆ ಹೇಳಿದ್ದಾರೆ. ಸ್ವಲ್ಪ ದಿನಕ್ಕೇ ಯಾರ್ಡ್‌ಬರ್ಡ್ಸ್ ಅದನ್ನು ವೇದಿಕೆಯಲ್ಲಿ ನುಡಿಸತೊಡಗಿತು. ಪೇಜ್ ಗಿಟಾರ್ ತಂತಿಯ ಮೇಲೆ ಪಿಟೀಲಿನ ಕಮಾನು ಎಳೆದರು. ಹಾಡು ಹಿಗ್ಗಿತು, ಭಯಾನಕವಾಯಿತು. ಜೆಪ್ಲಿನ್ ಆಲ್ಬಂಗೆ ಬರುವ ಹೊತ್ತಿಗೆ ಮಾತು ಬಹುಪಾಲು ಬದಲಾಗಿತ್ತು. ಶೀರ್ಷಿಕೆ ಮತ್ತು ಆ ಇಳಿಯುವ ಬೇಸ್ ಹಾಗೇ ಉಳಿದಿದ್ದವು. ಬರೆದವರ ಹೆಸರು: ಜಿಮ್ಮಿ ಪೇಜ್. ಅಷ್ಟೇ.

ಬ್ರೆಡನ್ ಹಾಡನ್ನು ಯಾರದೋ ಜಾನಪದ ಅಂದುಕೊಂಡೆ ಅನ್ನಬಹುದು. ಇಲ್ಲಿ ಆ ನೆಪ ನಡೆಯುವುದಿಲ್ಲ. ಹಾಡಿದವರು ಅದೇ ವೇದಿಕೆಯಲ್ಲಿ ಇದ್ದರು, ರೆಕಾರ್ಡ್ ಅಂಗಡಿಯಲ್ಲಿ ಇತ್ತು. ಹೋಮ್ಸ್ ಆಮೇಲೆ ಜಾಹೀರಾತು ಹಾಡುಗಳ ಕಡೆ ಹೋದರು. ಅಮೆರಿಕ ಸೇನೆಯ ‘ಬಿ ಆಲ್ ಯು ಕ್ಯಾನ್ ಬಿ’ ಜಿಂಗಲ್ ಅವರದ್ದೇ. ಅಮೆರಿಕದವರೆಲ್ಲ ಅದನ್ನು ಕೇಳಿದ್ದಾರೆ, ಬರೆದವರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ! 1980ರ ದಶಕದಲ್ಲಿ ಹೋಮ್ಸ್ ಜೆಪ್ಲಿನ್ ಕಡೆಯವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಕೊನೆಗೆ 2010ರಲ್ಲಿ ಮೊಕದ್ದಮೆ ಹೂಡಿದರು, ಕೋರ್ಟಿನ ಹೊರಗೆ ರಾಜಿಯಾಗಿ 2012ರಲ್ಲಿ ಪ್ರಕರಣ ಮುಗಿಯಿತು. ಆ ವರ್ಷ ಬಂದ ಜೆಪ್ಲಿನ್‌ನ ಲೈವ್ ಆಲ್ಬಂನಲ್ಲಿ ಪೇಜ್ ಹೆಸರಿನ ಮುಂದೆ, ಜೇಕ್ ಹೋಮ್ಸ್ ಅವರಿಂದ ಸ್ಫೂರ್ತಿ ಎಂಬ ಮಾತು ಸೇರಿತು. ಒಪ್ಪಿಕೊಂಡ ಹಾಗೂ ಇರಬೇಕು, ಒಪ್ಪದ ಹಾಗೂ ಇರಬೇಕು. ವಕೀಲರಲ್ಲದೆ ಇನ್ಯಾರೂ ಇಂಥ ಸಾಲು ಬರೆಯಲಾರರು.

ಹಾಗಾದರೆ ಈ ಆಲ್ಬಂನಲ್ಲಿ ಬೇರೆಯವರ ಹೆಸರು ಮೊದಲ ದಿನದಿಂದಲೇ ಬಂದ ಹಾಡೇ ಇಲ್ಲವಾ? ಇವೆ, ಎರಡು. ‘ಯು ಶುಕ್ ಮಿ’ ಮತ್ತು ‘ಐ ಕಾಂಟ್ ಕ್ವಿಟ್ ಯು ಬೇಬಿ’. ಎರಡಕ್ಕೂ ಇದ್ದದ್ದು ಷಿಕಾಗೋದ ವಿಲ್ಲಿ ಡಿಕ್ಸನ್ ಹೆಸರು. ಡಿಕ್ಸನ್ ಬ್ಲೂಸ್ ಲೋಕದ ದೊಡ್ಡ ಹೆಸರು. ಮಡ್ಡಿ ವಾಟರ್ಸ್, ಹೌಲಿಂಗ್ ವುಲ್ಫ್ ಎಂಬ ಬ್ಲೂಸ್ ಗಾಯಕರು ಹಾಡಿದ ಎಷ್ಟೋ ಹಾಡುಗಳು ಅವರ ಪೆನ್ನಿನಿಂದ ಬಂದವು. ಈ ಎರಡು ಹಾಡುಗಳು ಶೀರ್ಷಿಕೆ ಸಮೇತ ಬಂದಿದ್ದವು, ಬ್ರಿಟನ್ನಿನ ಬ್ಲೂಸ್ ಪ್ರಿಯರಿಗೆಲ್ಲ ಗೊತ್ತಿದ್ದವು. ಮುಚ್ಚಿಡುವುದು ಸಾಧ್ಯವೇ ಇರಲಿಲ್ಲ. ಗೊತ್ತಿರುವ ಹಾಡಿಗೆ ಹೆಸರು ಕೊಡೋದು ಪ್ರಾಮಾಣಿಕತೆಯ ಪರೀಕ್ಷೆ ಅಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಎರಡನೆಯ ಆಲ್ಬಂ ಬಂತು. ಅದರ ಮೊದಲ ಹಾಡು ‘ಹೋಲ್ ಲಾಟಾ ಲವ್’. ಅದರ ಮಾತಿನ ದೊಡ್ಡ ಭಾಗ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ ‘ಯು ನೀಡ್ ಲವ್’ನಿಂದ ಬಂದದ್ದು. ಶೀರ್ಷಿಕೆ ಬೇರೆ, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬೇರೆ. ಈ ಸಲ ಡಿಕ್ಸನ್ ಹೆಸರು ಇರಲಿಲ್ಲ, ನಾಲ್ವರು ಜೆಪ್ಲಿನ್ ಸದಸ್ಯರ ಹೆಸರು ಇತ್ತು. ಅದಕ್ಕೂ ಮುಂಚೆ, 1966ರಲ್ಲಿ, ಸ್ಮಾಲ್ ಫೇಸಸ್ ಎಂಬ ಇಂಗ್ಲಿಷ್ ಬ್ಯಾಂಡ್ ಅದೇ ಹಾಡನ್ನು ತನ್ನ ಇಬ್ಬರು ಸದಸ್ಯರ ಹೆಸರಿನಲ್ಲಿ ಬಿಟ್ಟಿತ್ತು. ಪ್ಲಾಂಟ್ ಹಾಡುವ ವರಸೆಗೆ ಆ ರೆಕಾರ್ಡೇ ಹೆಚ್ಚು ಹತ್ತಿರ. ಆದರೆ ಸ್ಮಾಲ್ ಫೇಸಸ್ ಮೇಲೆ ಇಷ್ಟು ಗದ್ದಲ ಯಾಕಾಗಲಿಲ್ಲ? ಅವರದ್ದು ಅಷ್ಟು ಮಾರಾಟ ಆಗಲಿಲ್ಲ, ಅದಕ್ಕೆ. ಪ್ಲಾಂಟ್ 1990ರ ಒಂದು ಸಂದರ್ಶನದಲ್ಲಿ ಇದನ್ನೇ ನಗುತ್ತಾ ಒಪ್ಪಿಕೊಂಡಿದ್ದರು, ಗೆದ್ದಾಗ ಮಾತ್ರ ಸಿಕ್ಕಿಬೀಳುತ್ತೇವೆ ಎಂಬರ್ಥದಲ್ಲಿ. ಪೇಜ್ ಮಾತ್ರ ತಪ್ಪನ್ನು ಬಹುಪಾಲು ಮಾತಿನ ಕಡೆಗೆ, ಅಂದರೆ ಪ್ಲಾಂಟ್ ಕಡೆಗೆ, ತಳ್ಳಿದ್ದಾರೆ. ನಾನು ಸಂಗೀತ ಬದಲಿಸುತ್ತಿದ್ದೆ, ಅವರು ಸಾಹಿತ್ಯ ಬದಲಿಸಬೇಕಿತ್ತು ಅನ್ನೋ ಧಾಟಿ.

ಮೊದಲು ತಕರಾರು ಎತ್ತಿದ್ದು ಡಿಕ್ಸನ್ ಅಲ್ಲ, ಷಿಕಾಗೋದ ಬ್ಲೂಸ್ ರೆಕಾರ್ಡ್ ಕಂಪನಿ ಚೆಸ್ ರೆಕಾರ್ಡ್ಸ್‌ನ ಪಬ್ಲಿಷಿಂಗ್ ಕಂಪನಿ ಆರ್ಕ್ ಮ್ಯೂಸಿಕ್. 1972ರಲ್ಲಿ ಅದು ಎರಡನೆಯ ಆಲ್ಬಂನ ‘ಬ್ರಿಂಗ್ ಇಟ್ ಆನ್ ಹೋಮ್’ ಮತ್ತು ‘ದ ಲೆಮನ್ ಸಾಂಗ್’ ವಿಷಯದಲ್ಲಿ ಕೇಸು ಹಾಕಿ ರಾಜಿ ಮಾಡಿಕೊಂಡಿತು. ಮೊದಲನೆಯದು ಡಿಕ್ಸನ್ ಹಾಡು, ಎರಡನೆಯದರ ಬೇರು ಹೌಲಿಂಗ್ ವುಲ್ಫ್‌ನ ‘ಕಿಲ್ಲಿಂಗ್ ಫ್ಲೋರ್’. ಕಪ್ಪು ಕಲಾವಿದರಿಗೆ ನ್ಯಾಯ ಸಿಕ್ಕಿತು ಅಂತ ಖುಷಿ ಪಡೋ ಮುಂಚೆ ಸ್ವಲ್ಪ ನಿಲ್ಲಿ. ಆರ್ಕ್ ತಮಗೆ ಸರಿಯಾಗಿ ದುಡ್ಡು ಕೊಟ್ಟಿಲ್ಲ ಅಂತ ಇದೇ ಕಲಾವಿದರು 1970ರ ದಶಕದಲ್ಲಿ ಆರ್ಕ್ ವಿರುದ್ಧವೇ ಕೋರ್ಟಿಗೆ ಹೋಗಬೇಕಾಯಿತು. ಬಿಳಿಯ ರಾಕ್ ಬ್ಯಾಂಡ್ ಹಾಡು ಎತ್ತಿಕೊಂಡಿತು ನಿಜ. ಅದಕ್ಕೂ ಮುಂಚೆ ಹಾಡು ಬರೆದವರ ಕೈಯಿಂದ ಹಕ್ಕು ಜಾರಿದ್ದು ಅವರದ್ದೇ ಊರಿನ ಕಂಪನಿಗೆ. ಈ ಎರಡನೆಯ ಭಾಗವನ್ನು ಹೇಳುವವರು ಕಡಿಮೆ. ‘ಹೋಲ್ ಲಾಟಾ ಲವ್’ ಹೋಲಿಕೆಯನ್ನು ಮೊದಲು ಗುರುತಿಸಿದ್ದು ಡಿಕ್ಸನ್ ಮಗಳು ಶರ್ಲಿ. 1985ರಲ್ಲಿ ಡಿಕ್ಸನ್ ಕೇಸು ಹಾಕಿದರು, 1987ರಲ್ಲಿ ರಾಜಿಯಾಯಿತು. ಬ್ಲೂಸ್ ಕಲಾವಿದರು ತಮ್ಮ ಹಕ್ಕು ಪಡೆಯಲು ನೆರವಾಗಬೇಕು ಅಂತ ಡಿಕ್ಸನ್ ಬ್ಲೂಸ್ ಹೆವನ್ ಫೌಂಡೇಶನ್ ಕಟ್ಟಿದರು.

ಈಗ ಜೆಪ್ಲಿನ್ ಪರವಾಗಿ ಒಂದು ಮಾತು, ಯಾಕೆಂದರೆ ಅದನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಮಡ್ಡಿ ವಾಟರ್ಸ್ ಹಾಡು ಕೇಳಿ, ಆಮೇಲೆ ‘ಹೋಲ್ ಲಾಟಾ ಲವ್’ ಕೇಳಿ. ಮಾತು ಒಂದೇ ಕುಟುಂಬದ್ದು. ಆದರೆ ಆ ರಿಫ್, ನಡುವೆ ಬರುವ ಆ ಹುಚ್ಚು ಸದ್ದುಗಳ ಭಾಗ, ಬಾನಮ್ ಡ್ರಮ್ಸಿನ ತೂಕ ಯಾವುದೂ ಮೂಲದಲ್ಲಿಲ್ಲ. ಮೊದಲ ಆಲ್ಬಂನಲ್ಲಿ ಪೇಜ್ ಮೈಕುಗಳನ್ನು ಡ್ರಮ್ಸಿಗೆ ಅಂಟಿಸದೆ ದೂರ ಇಟ್ಟು, ಇಡೀ ಕೋಣೆಯ ಗಾಳಿಯನ್ನು ರೆಕಾರ್ಡ್ ಮಾಡಿದರು. ಮುಂದಿನ ಹಾರ್ಡ್ ರಾಕ್ ಎಲ್ಲ ಆ ಸದ್ದಿನ ಹಿಂದೆಯೇ ಹೋಯಿತು. ಇದಕ್ಕೆ ಹಾಡಿನ ಹಕ್ಕಿನಲ್ಲಿ ಏನು ಪಾಲು? ಸೊನ್ನೆ. ಬಾನಮ್ ತಾಳವನ್ನು ಬರೆದಿಟ್ಟುಕೊಂಡು ನೋಂದಾಯಿಸೋಕೆ ಆಗುತ್ತಾ? ಆಗಲ್ಲ. ಅಮೆರಿಕದಲ್ಲಿ 1972ರ ಫೆಬ್ರುವರಿ 15ಕ್ಕೆ ಮೊದಲು ಮಾಡಿದ ರೆಕಾರ್ಡಿಂಗ್‌ಗೆ ಕೇಂದ್ರ ಕಾಪಿರೈಟ್ ಕಾನೂನಿನ ರಕ್ಷಣೆಯೂ ಇರಲಿಲ್ಲ.

ಇದರ ತುದಿ ಕಾಣುವುದು ‘ಬ್ಲ್ಯಾಕ್ ಮೌಂಟನ್ ಸೈಡ್’ನಲ್ಲಿ. ಮೊದಲ ಆಲ್ಬಂನ ಈ ಎರಡು ನಿಮಿಷದ ಗಿಟಾರ್ ತುಣುಕಿನಲ್ಲಿ ತಬಲಾ ನುಡಿಸಿದವರು ವಿರಾಮ್ ಜಸಾನಿ. ಗಿಟಾರ್ ನಡೆ ಮಾತ್ರ ಸ್ಕಾಟ್ಲೆಂಡಿನ ಬರ್ಟ್ ಜಾನ್ಶ್ 1966ರಲ್ಲಿ ರೆಕಾರ್ಡ್ ಮಾಡಿದ ‘ಬ್ಲ್ಯಾಕ್‌ವಾಟರ್‌ಸೈಡ್’ಗೆ ತುಂಬಾ ಹತ್ತಿರ. ಮೂಲ ಹಾಡು ನಿಜವಾಗಿಯೂ ಜಾನಪದ. ಜಾನ್ಶ್ ಅದನ್ನು ಆನ್ ಬ್ರಿಗ್ಸ್ ಎಂಬ ಗಾಯಕಿಯಿಂದ ಕಲಿತದ್ದು. ಜಾನ್ಶ್ ಸೇರಿಸಿದ್ದು ಗಿಟಾರಿನ ಕಟ್ಟುವಿಕೆಯನ್ನು. ಅವರ ಕಂಪನಿ ವಕೀಲರನ್ನು ಕೇಳಿತು, ಆದರೆ ಕೋರ್ಟಿಗೆ ಹೋಗಲಿಲ್ಲ. ಮಟ್ಟು ಯಾರದ್ದೂ ಅಲ್ಲ, ಕಟ್ಟುವಿಕೆಯನ್ನು ಸಾಬೀತು ಮಾಡುವುದು ಕಷ್ಟ. ಅದರ ಪಕ್ಕ ಈಗಲೂ ಇರುವುದು ಜಿಮ್ಮಿ ಪೇಜ್ ಹೆಸರೊಂದೇ. ನನ್ನ ಲೆಕ್ಕದಲ್ಲಿ ಇಡೀ ಆಲ್ಬಂನಲ್ಲಿ ದೊಡ್ಡ ಅನ್ಯಾಯ ಇದೇ. ಯಾಕೆಂದರೆ ಇಲ್ಲಿ ಪೇಜ್ ತಮ್ಮ ಕಸುಬಿನವರಿಂದಲೇ, ತಮ್ಮದೇ ರೀತಿಯ ಕೆಲಸವನ್ನು ತೆಗೆದುಕೊಂಡರು. ಪೇಜ್‌ಗೆ ಅನ್ಯಾಯ ಮಾಡಿದ ಕಾನೂನಿನ ಕುರುಡೇ ಜಾನ್ಶ್ ವಿರುದ್ಧ ಪೇಜ್‌ಗೆ ನೆರವಾಯಿತು.

ಹಾಗಂತ ಹೋಲುವುದೆಲ್ಲ ಕದ್ದದ್ದಲ್ಲ. ಜೆಪ್ಲಿನ್‌ನ ‘ಸ್ಟೇರ್‌ವೇ ಟು ಹೆವನ್’ ಹಾಡಿನ ಆರಂಭದ ಗಿಟಾರ್, ಸ್ಪಿರಿಟ್ ಬ್ಯಾಂಡ್‌ನ ‘ಟಾರಸ್’ನಿಂದ ಬಂದದ್ದು ಅಂತ 2014ರಲ್ಲಿ ಕೇಸು ಬಿತ್ತು. 2016ರಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ ಜೆಪ್ಲಿನ್ ಪರ ಹೇಳಿತು. 2020ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟಿನ ದೊಡ್ಡ ಪೀಠ ಅದನ್ನೇ ಎತ್ತಿಹಿಡಿಯಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಕೇಳಲು ಒಪ್ಪಲಿಲ್ಲ. ಒಂದು ವಿವರ ತಮಾಷೆಯಾಗಿದೆ. ‘ಟಾರಸ್’ 1909ರ ಕಾನೂನಿನ ಕಾಲದ್ದು. ಹಾಗಾಗಿ ಕಾಪಿರೈಟ್ ಕಚೇರಿಗೆ ಕೊಟ್ಟ ಒಂದು ಪುಟದ ಸ್ವರಲಿಪಿಗೆ ಮಾತ್ರ ರಕ್ಷಣೆ. ಎರಡೂ ಹಾಡು ಹೋಲುತ್ತವಾ ಅಂತ ತೀರ್ಮಾನಿಸಬೇಕಾದ ಜ್ಯೂರಿ, ಹೋಲಿಕೆಗಾಗಿ ಮೂಲ ರೆಕಾರ್ಡಿಂಗ್ ಕೇಳುವಂತಿರಲಿಲ್ಲ. ತೀರ್ಪು ಮಾತ್ರ ಸರಿ ಅನ್ನಿಸುತ್ತದೆ. ಆ ಇಳಿಯುವ ಸ್ವರಗಳು ನೂರಾರು ವರ್ಷಗಳಿಂದ ಎಲ್ಲರ ಆಸ್ತಿ.

ಎಲ್ಲರ ಆಸ್ತಿ ಎಲ್ಲಿ ಮುಗಿಯುತ್ತದೆ ಅನ್ನೋ ಪ್ರಶ್ನೆ ನಮಗೂ ಹೊಸದಲ್ಲ. 2022ರಲ್ಲಿ ‘ಕಾಂತಾರ’ದ ‘ವರಾಹ ರೂಪಂ’ ತಮ್ಮ ‘ನವರಸಂ’ನ ನಕಲು ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ದೂರಿತು. ಚಿತ್ರದ ಕಡೆಯವರು ನಿರಾಕರಿಸಿದರು, ರಾಗದ ಹೋಲಿಕೆಯ ಮಾತು ಬಂತು. ಚಿತ್ರ ಒಟಿಟಿಗೆ ಬಂದಾಗ ಸ್ವಲ್ಪ ಕಾಲ ಆ ಹಾಡು ಬೇರೆ ಮಟ್ಟಿನಲ್ಲಿತ್ತು. ರಾಗ ಯಾರದ್ದೂ ಅಲ್ಲ, ಒಪ್ಪೋಣ. ಅದನ್ನು ಹೆವಿ ಗಿಟಾರ್ ಜೊತೆ ಹೀಗೇ ಜೋಡಿಸಿದ್ದು ಯಾರದ್ದು? ಜಾನ್ಶ್ ಪ್ರಶ್ನೆಯೇ ಇದು, ಅಲ್ವಾ?

ಜೆಪ್ಲಿನ್ ಕಾಲದ್ದೇ ಇನ್ನೊಂದು ಇಂಗ್ಲಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಬೇರೆ ದಾರಿ ಹಿಡಿಯಿತು. 1972ರ ‘ಮಷೀನ್ ಹೆಡ್’ ಆಲ್ಬಂನ ಹಾಡುಗಳಿಗೆ ಐವರು ಸದಸ್ಯರ ಹೆಸರೂ ಇದೆ. ರಿಫ್ ಹುಟ್ಟಿಸಿದವರಿಗೆ ಇದರಿಂದ ನಷ್ಟ, ಡ್ರಮ್ಮರ್‌ಗೆ ನ್ಯಾಯ. ಒಳಜಗಳಕ್ಕೆ ಇದು ಒಳ್ಳೆಯ ಮದ್ದು, ಹೊರಗಿನವರಿಗೆ ಏನೂ ಸಿಗುವುದಿಲ್ಲ. ಅವರ ‘ಚೈಲ್ಡ್ ಇನ್ ಟೈಮ್’ ಶುರುವಾಗುವುದೇ ಇನ್ನೊಂದು ಬ್ಯಾಂಡ್‌ನ ‘ಬಾಂಬೆ ಕಾಲಿಂಗ್’ ಮಟ್ಟಿನಿಂದ. ಅದನ್ನು ಗಾಯಕ ಇಯಾನ್ ಗಿಲ್ಲನ್ ಮುಚ್ಚಿಟ್ಟಿಲ್ಲ. ಆದರೂ ಹಾಡಿಗೆ ಇರುವುದು ಪರ್ಪಲ್‌ನ ಐದು ಹೆಸರುಗಳೇ. ಜೆಪ್ಲಿನ್‌ಗೂ ಸರಿಯಾಗಿ ಮಾಡೋದು ಗೊತ್ತಿತ್ತು. 1971ರ ‘ವೆನ್ ದ ಲೆವಿ ಬ್ರೇಕ್ಸ್’ಗೆ ತಮ್ಮ ನಾಲ್ಕು ಹೆಸರಿನ ಜೊತೆ ಮೂಲ ಹಾಡಿನ ಬ್ಲೂಸ್ ಗಾಯಕಿ ಮೆಂಫಿಸ್ ಮಿನ್ನಿ ಹೆಸರನ್ನೂ ಹಾಕಿದರು. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಈಗ ಗಾಳಿ ಪೂರಾ ತಿರುಗಿದೆ. 2015ರಲ್ಲಿ ‘ಬ್ಲರ್ಡ್ ಲೈನ್ಸ್’ ಹಾಡು ಗಾಯಕ ಮಾರ್ವಿನ್ ಗೇ ಅವರ ಹಾಡಿನ ನಕಲು ಎಂಬ ಕೇಸಿನಲ್ಲಿ ಗೇ ಕುಟುಂಬಕ್ಕೆ ಲಕ್ಷಾಂತರ ಡಾಲರ್ ಕೊಡಬೇಕು ಅಂತ ಜ್ಯೂರಿ ಹೇಳಿದ ಮೇಲೆ ಕಂಪನಿಗಳು ಬೆದರಿವೆ. 2021ರಲ್ಲಿ ಒಲಿವಿಯಾ ರೊಡ್ರಿಗೊ ಅವರ ‘ಗುಡ್ ಫೋರ್ ಯು’ ಹಿಟ್ ಆದ ಮೇಲೆ ಹೋಲಿಕೆಯ ಮಾತು ಬಂದು ಪ್ಯಾರಾಮೋರ್ ಬ್ಯಾಂಡ್‌ನ ಇಬ್ಬರ ಹೆಸರು ಅದಕ್ಕೆ ಸೇರಿತು. ಆಗ ಹೆಸರು ಬಿಟ್ಟದ್ದು ಲಾಭಕ್ಕೆ, ಈಗ ಸೇರಿಸುತ್ತಿರುವುದು ಭಯಕ್ಕೆ. ಎರಡರಲ್ಲೂ ಲೆಕ್ಕಾಚಾರ ಮಾಡುವವರು ವಕೀಲರೇ. ಆದರೂ ಬರೆದವರ ದೃಷ್ಟಿಯಿಂದ ಈಗಿನದ್ದೇ ವಾಸಿ. ಕಡೇ ಪಕ್ಷ ಪತ್ರಕ್ಕೆ ಉತ್ತರ ಬರುತ್ತದೆ. ಹೋಮ್ಸ್ ವಿಷಯದಲ್ಲಿ ‘ಸ್ಫೂರ್ತಿ’ ಎಂಬ ಆ ಸಾಲಿಗೆ ಎಷ್ಟು ಪಾಲು ನಿಗದಿಯಾಯಿತು ಅನ್ನೋದು ರಾಜಿ ಪತ್ರದಲ್ಲಿದೆ. ಆ ಪತ್ರ ಗೋಪ್ಯ.